ಸ್ಯಾಂಪಲ್ ತೆಗೆದವರು ಯಾರು?

ಗೋಣಿಕೊಪ್ಪದಲ್ಲಿ ಕಂಪ್ಯೂಟರ್ ಹುಚ್ಚು ಇರುವ ಇಬ್ಬರು ಎದುರಾದರೆ ಈಗ ಮೊದಲ ಮಾತೇ ಕಂಪ್ಯೂಟರ್‌ನ ಮೆಮೊರಿ, ಅಂದರೆ ರ‍್ಯಾಮ್. ರೇಟು ಇಳಿಯುತ್ತಾ? ಈಗಲೇ ತಗೊಳ್ಳೋದಾ, ಇನ್ನಾರು ತಿಂಗಳು ಕಾಯೋದಾ? ಕಾಫಿ, ಕರಿಮೆಣಸು ಬಿಟ್ಟರೆ ಬೇರೆ ಯಾವ ರೇಟಿನ ಬಗ್ಗೆಯೂ ನಮ್ಮ ಕಡೆ ಇಷ್ಟು ಚರ್ಚೆ ಆಗಿದ್ದು ನಾನು ಕಂಡಿಲ್ಲ.

ನಾವು ಸೇರುವುದು ಒಂದು ರಿಪೇರಿ ಅಂಗಡಿಯಲ್ಲಿ. ಅಂಗಡಿಯ ಅಣ್ಣನಿಗೆ ಕೆಲಸಕ್ಕೆ ಬರ ಇಲ್ಲ. ಏಪ್ರಿಲ್, ಮೇನಲ್ಲಿ ಸಿಡಿಲಿಗೆ ಸುಟ್ಟ ಮೋಡೆಮ್‌ಗಳು. ಜೂನ್ ಬಂತೆಂದರೆ ತೇವಕ್ಕೆ ಆನ್ ಆಗದ ಲ್ಯಾಪ್‌ಟಾಪ್‌ಗಳು. ಅಲ್ಲಿಗೆ ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬರುತ್ತಾನೆ. ಚಿಪ್‌ಗಳ ಬಗ್ಗೆ ರಾತ್ರಿ ಅಮೆರಿಕದಲ್ಲಿ ಯಾರೋ ಸೀನಿದರೂ ಬೆಳಿಗ್ಗೆ ಅವನಿಗೆ ಗೊತ್ತಿರುತ್ತದೆ. ಸೇನೆಯ ಸಿಗ್ನಲ್ಸ್‌ನಲ್ಲಿದ್ದು ರಿಟೈರ್ ಆಗಿ ಬಂದ ಅಂಕಲ್ ಒಬ್ಬರಿದ್ದಾರೆ. ಅವರು ಮೊಬೈಲ್ ಆ್ಯಪ್ ಹೇಳುವ ಮಳೆಯನ್ನೇ ನಂಬುವುದಿಲ್ಲ, ತಮ್ಮ ಅಂಗಳದ ರೈನ್ ಗೇಜ್‌ನಲ್ಲಿ ಎಷ್ಟು ಇಂಚು ಬಿತ್ತೋ ಅಷ್ಟೇ ಅವರಿಗೆ ಮಳೆ. ಇವರ ನಡುವೆ ನಾನು. ನೆಟ್‌ವರ್ಕ್ ಇದ್ದಾಗ ಮನೆಯಿಂದ ಬೆಂಗಳೂರಿನ ಆಫೀಸಿನ ಕೆಲಸ, ಇಲ್ಲದಾಗ ಇಲ್ಲಿ ಬಂದು ವಾದ.

ಇಷ್ಟು ವಾದ ಮಾಡಿ, ಕೇಳಿ, ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಕಂಪ್ಯೂಟರ್ ಲೋಕದ ಗಾಳಿಸುದ್ದಿಯಲ್ಲಿ ಎರಡು ಜಾತಿ. ಒಂದು ವಸ್ತುವಿನ ಬಗ್ಗೆ, ಇನ್ನೊಂದು ದೊಡ್ಡವರ ಮನಸ್ಸಿನ ಬಗ್ಗೆ. ವಸ್ತು ಎಲ್ಲಾದರೂ ಒಂದು ಗುರುತು ಬಿಟ್ಟಿರುತ್ತದೆ, ಹುಡುಕಿದರೆ ಸಿಗುತ್ತದೆ. ಮನಸ್ಸು ಬಿಡುವುದಿಲ್ಲ, ಜೊತೆಗೆ ನಾಳೆಗೆ ಬದಲಾಗುತ್ತದೆ. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಎರಡನ್ನು ಕಲಸಿಕೊಂಡದ್ದರಿಂದಲೇ ಶುರುವಾಗುತ್ತವೆ.

ರ‍್ಯಾಮ್ ವಿಷಯವನ್ನೇ ನೋಡಿ. ಆ ಕಡ್ಡಿಯಲ್ಲಿರುವ ಮೆಮೊರಿ ಚಿಪ್‌ಗೆ ಡಿರ‍್ಯಾಮ್ ಅನ್ನುತ್ತಾರೆ. ಜಗತ್ತಿನ ಬಹುಪಾಲು ಡಿರ‍್ಯಾಮ್ ಮಾಡುವುದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿಯಲ್ಲಿ ಇವರಿಗೆ ಲಾಭ ಜಾಸ್ತಿ. ಅಷ್ಟೇ ಜಿಬಿ ಎಚ್‌ಬಿಎಂ ಮಾಡಲು ನಮ್ಮ ಕಂಪ್ಯೂಟರ್‌ಗಳ ಡಿಡಿಆರ್5 ಮೆಮೊರಿಗಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬೇಕು ಎಂದು ಮೈಕ್ರಾನ್‌ನವರೇ ಹೇಳಿದ್ದಾರೆ. ಅಂದರೆ ಅಲ್ಲಿಗೆ ಒಂದು ಪಾಲು ಹೋದರೆ ನಮ್ಮ ಕಡೆ ಮೂರು ಪಾಲು ಕಡಿಮೆ. ಹೊಸ ಕಾರ್ಖಾನೆ ಕಟ್ಟೋಣ ಅಂದರೆ ವರ್ಷಗಟ್ಟಲೆ ಬೇಕು. ಇಷ್ಟು ಲೆಕ್ಕ, ಇದರಲ್ಲಿ ಗುಟ್ಟೇನೂ ಇಲ್ಲ.

ಗಾಳಿಸುದ್ದಿ ಹುಟ್ಟಿದ್ದು ಆಮೇಲೆ. 2025ರ ಅಕ್ಟೋಬರ್ 1ರಂದು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯು ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಜೊತೆ ಉದ್ದೇಶಪತ್ರಗಳಿಗೆ ಸಹಿ ಹಾಕಿತು. ಚಿಪ್‌ಗಳನ್ನು ಮಾಡುವ ಸಿಲಿಕಾನ್ ಬಿಲ್ಲೆಗೆ ವೇಫರ್ ಅನ್ನುತ್ತಾರೆ. ತಿಂಗಳಿಗೆ 9 ಲಕ್ಷ ಡಿರ‍್ಯಾಮ್ ವೇಫರ್‌ವರೆಗೆ ಹೋಗುವ ಗುರಿ. ಮಾರನೇ ದಿನ ನಮ್ಮ ಹುಡುಗ ಅಂಗಡಿಗೆ ಬಂದವನೇ "ಅಣ್ಣಾ, ಮುಗೀತು, ಲೋಕದ ರ‍್ಯಾಮೆಲ್ಲ ಮಾರಾಟ ಆಯ್ತು" ಅಂದ. ಮಾರಾಟ ಎಲ್ಲಿ ಆಯಿತು? ಅದು ಉದ್ದೇಶಪತ್ರ. ಕೊಳ್ಳುತ್ತೇನೆ ಅಂತ ಹೇಳಿ ಹೋಗುವುದಕ್ಕೂ, ದುಡ್ಡು ಎಣಿಸಿ ಮೂಟೆ ಲಾರಿಗೆ ಹಾಕಿಸುವುದಕ್ಕೂ ಎಷ್ಟು ದೂರ ಅಂತ ಕಾಫಿ ತೋಟದ ಮನೆಯ ಹುಡುಗನಿಗೆ ನಾವು ಹೇಳಿಕೊಡಬೇಕಾ? ಆದರೆ ಅವನನ್ನೂ ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಅದೇ ವರ್ಷ ಡಿಸೆಂಬರ್ 3ರಂದು ಮೈಕ್ರಾನ್ ತನ್ನ ಕ್ರೂಷಿಯಲ್ ವ್ಯಾಪಾರವನ್ನೇ, ಅಂದರೆ ನಮ್ಮಂಥವರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುವುದನ್ನೇ, ನಿಲ್ಲಿಸುವುದಾಗಿ ಪ್ರಕಟಿಸಿತು. ಆ ಕ್ರೂಷಿಯಲ್ ಕಡ್ಡಿಗಳು ಈ ಅಂಗಡಿಯ ಗಾಜಿನ ಕಪಾಟಿನಲ್ಲೇ ಇದ್ದವು. ಇದು ಯಾರ ಮನಸ್ಸಿನೊಳಗಿನ ಮಾತೂ ಅಲ್ಲ, ತಾರೀಕು ಹಾಕಿ ಹೇಳಿದ್ದು: 2026ರ ಫೆಬ್ರವರಿವರೆಗೆ ಮಾಲು ಕಳಿಸುತ್ತೇವೆ, ಆಮೇಲೆ ಇಲ್ಲ.

ಅದಾದ ಮೇಲೆ ಅಂಗಡಿಯಲ್ಲಿ ಒಂದು ಬದಲಾವಣೆ ಕಂಡಿತು. ಮೊದಲೆಲ್ಲ ಹಳೇ ಲ್ಯಾಪ್‌ಟಾಪ್‌ನ ರ‍್ಯಾಮ್ ಕಡ್ಡಿಗಳು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ಕ್ರೂಗಳ ಜೊತೆ ಸುಮ್ನೆ ಬಿದ್ದಿರುತ್ತಿದ್ದವು. ಈಗ ಅಣ್ಣ ಅವುಗಳನ್ನು ಒಂದೊಂದಾಗಿ ತೆಗೆದು, ಚಿನ್ನದ ಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ನಿಧಾನ ಉಜ್ಜಿ, ಪುಡಿ ಊದಿ, ಬೋರ್ಡಿಗೆ ಹಾಕಿ ನೋಡುತ್ತಾನೆ. ನಮ್ಮ ಮಳೆಗಾಲದ ತೇವಕ್ಕೆ ಆ ತುದಿಗಳು ಮಂಕಾಗಿರುತ್ತವೆ. ಉಜ್ಜಿದರೆ ಹತ್ತರಲ್ಲಿ ಏಳೆಂಟಕ್ಕೆ ಜೀವ ಬರುತ್ತದೆ. ಜೀವ ಬಂದದ್ದನ್ನು ಕವರಿಗೆ ಹಾಕಿ ಮೇಲೆ ಪೆನ್ನಿನಲ್ಲಿ ಬರೆದು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಾನೆ. ಬೀಗ!

ಸುದ್ದಿಯಿಂದಲೇ ರೇಟು ಏರುವುದು ಹೊಸದೇನಲ್ಲ. 1993ರ ಜುಲೈ 4ರಂದು ಜಪಾನಿನ ನೀಹಾಮಾದಲ್ಲಿ ಸುಮಿಟೊಮೊ ಕೆಮಿಕಲ್‌ನ ಒಂದು ಘಟಕದಲ್ಲಿ ಸ್ಫೋಟ ಆಯಿತು. ಅಲ್ಲಿ ಮೆಮೊರಿ ಚಿಪ್ ಮಾಡುತ್ತಿರಲಿಲ್ಲ. ಚಿಪ್‌ನ ಮೇಲಿನ ಕಪ್ಪು ಕವಚಕ್ಕೆ ಬೇಕಾದ ಎಪಾಕ್ಸಿ ರಾಳ ಮಾಡುತ್ತಿದ್ದರು. ಜಗತ್ತಿಗೆ ಬೇಕಾದ ಆ ರಾಳದ ಅರ್ಧಕ್ಕಿಂತ ಹೆಚ್ಚು ಪಾಲು ಆ ಒಂದೇ ಜಾಗದಿಂದ ಬರುತ್ತಿತ್ತು. ಸುದ್ದಿ ಹಬ್ಬಿತು, ದಲ್ಲಾಳಿಗಳು ಮಾಲು ಹಿಡಿದಿಟ್ಟರು, ರ‍್ಯಾಮ್ ರೇಟು ಒಮ್ಮೆಲೇ ಮೇಲೆ ಹೋಯಿತು. ಆದರೆ ಕಾರ್ಖಾನೆಗಳಲ್ಲಿ ರಾಳದ ದಾಸ್ತಾನು ಇತ್ತು, ಬೇರೆ ಕಂಪನಿಗಳೂ ಪೂರೈಸಿದವು. ಜನ ಹೆದರಿದಷ್ಟು ಅಭಾವ ಬರಲೇ ಇಲ್ಲ. 2011ರಲ್ಲಿ ಥಾಯ್ಲೆಂಡಿನ ಪ್ರವಾಹದ್ದು ಇದಕ್ಕೆ ಉಲ್ಟಾ. ಅಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆಗೇ ನೀರು ನುಗ್ಗಿತ್ತು, ಹಾರ್ಡ್ ಡಿಸ್ಕ್ ನಿಜವಾಗಿಯೂ ಸಿಗಲಿಲ್ಲ, ರೇಟು ಇಳಿಯಲು ಬಹಳ ಕಾಲ ಹಿಡಿಯಿತು. ಎರಡೂ ಸಲ ಜನರಿಗೆ ಬಂದ ಸುದ್ದಿ ಒಂದೇ ಥರ: "ಕಾರ್ಖಾನೆ ಹೋಯಿತಂತೆ." ಯಾವ ಕಾರ್ಖಾನೆ, ಅಲ್ಲಿ ಏನು ಮಾಡುತ್ತಾರೆ, ಅದರ ದಾಸ್ತಾನು ಬೇರೆ ಕಡೆ ಎಷ್ಟಿದೆ ಎಂದು ಕೇಳಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿತ್ತು.

ನಮ್ಮ ಜಿಲ್ಲೆಯವರಿಗೆ ಈ ಥರ ಕೇಳುವ ಅಭ್ಯಾಸ ಇರಬೇಕಿತ್ತು. ರೊಬಸ್ಟಾ ಚೆರಿ ಮಾರುವಾಗ ನೋಡಿ. 50 ಕೆಜಿ ಚೆರಿಯಿಂದ ಎಷ್ಟು ಕೆಜಿ ಬೇಳೆ ಬರುತ್ತದೆ ಎನ್ನುವ ಔಟ್‌ಟರ್ನ್ ಮೇಲೆ ರೇಟು ನಿಲ್ಲುತ್ತದೆ. ಮನೆಯಿಂದ ಡಬ್ಬಿಯಲ್ಲಿ ಸ್ಯಾಂಪಲ್ ತಂದುಕೊಟ್ಟರೆ ವ್ಯಾಪಾರಿ ನಗುತ್ತಾನೆ. ನಾವು ಕಣದಲ್ಲಿ ಚೆನ್ನಾಗಿ ಒಣಗಿದ್ದನ್ನೇ ಆರಿಸಿ ತಂದಿರುತ್ತೇವೆ ಅಂತ ಅವನಿಗೆ ಗೊತ್ತು. ಅವನು ತಾನೇ ಮೂಟೆಯ ನಡುವಿನಿಂದ ತೆಗೆದು, ಸುಲಿಸಿ, ತೂಗಿ, ತೇವ ನೋಡಿ ಆಮೇಲೆ ಮಾತಿಗೆ ಬರುತ್ತಾನೆ. ಅವನು ತೆಗೆದ ಸ್ಯಾಂಪಲ್ ಮೇಲೆ ನಮಗೂ ಅನುಮಾನ ಇದ್ದೇ ಇರುತ್ತದೆ, ಆ ಮಾತು ಬೇರೆ. ಆದರೆ ಸ್ಯಾಂಪಲ್ ತೆಗೆದವರು ಯಾರು ಎಂದು ಕೇಳದೆ ಇಲ್ಲಿ ಯಾರೂ ರೇಟು ಒಪ್ಪುವುದಿಲ್ಲ. ಅದೇ ಜನ, ಬಿಡುಗಡೆಯಾಗದ ಪ್ರಾಸೆಸರ್‌ನ ವೇಗದ ಅಳತೆ, ಅಂದರೆ ಬೆಂಚ್‌ಮಾರ್ಕ್ "ಲೀಕ್" ಆಯಿತು ಅಂದಕೂಡಲೇ ಫೋನ್ ಎತ್ತಿ ತೋರಿಸಲು ಶುರು ಮಾಡುತ್ತಾರೆ.

ಲೀಕ್ ಆದ ಅಂಕಿಯಲ್ಲಿ ಸುಳ್ಳೇ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಚಿಪ್ ಪರೀಕ್ಷೆಗೆ ಮಾಡಿದ ಇಂಜಿನಿಯರಿಂಗ್ ಸ್ಯಾಂಪಲ್ ಇರಬಹುದು, ಅದರ ವೇಗ ಕಡಿಮೆ ಇಟ್ಟಿರಬಹುದು. ಅಥವಾ ಕಂಪನಿಯೇ ವೇದಿಕೆಯ ಮೇಲೆ ತೋರಿಸಿದ ಅಂಕಿ ಇರಬಹುದು, ಆಗ ಇನ್ನೂ ಹುಷಾರಾಗಿರಬೇಕು. 2018ರ ಜೂನ್‌ನಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಇಂಟೆಲ್ 28 ಕೋರ್‌ನ ಪ್ರಾಸೆಸರ್ ಒಂದನ್ನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ ತೋರಿಸಿತು. ಜನ ದಂಗಾದರು. ಮಾರನೇ ದಿನ ಪತ್ರಕರ್ತರು ನೋಡಿದರೆ ಅದನ್ನು ತಣ್ಣಗಿಡಲು ಒಂದು ಹಾರ್ಸ್‌ಪವರ್‌ನ ವಾಟರ್ ಚಿಲ್ಲರ್ ಬಳಸಿದ್ದರು! ಅದು ಓವರ್‌ಕ್ಲಾಕ್ ಮಾಡಿದ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಿದ ಯಂತ್ರ ಎಂದು ವೇದಿಕೆಯಲ್ಲಿ ಹೇಳಲು ಮರೆತುಹೋಯಿತು ಎಂದು ಕಂಪನಿ ಆಮೇಲೆ ಹೇಳಿತು. ಅದೇ ಚಿಪ್ ಮುಂದೆ ಅಂಗಡಿಗೆ ಬಂದಾಗ ಅದರ ಮೂಲ ವೇಗ 3.1 ಗಿಗಾಹರ್ಟ್ಸ್. ಈ ಕಥೆ ಹೇಳಿದರೆ ಅಂಗಡಿಯ ಅಣ್ಣನಿಗೆ ಇವತ್ತಿಗೂ ನಗು ತಡೆಯಲ್ಲ.

ತಾವೇ ಮೂಟೆಗೆ ಕೈ ಹಾಕಿ ನೋಡುತ್ತಿದ್ದವರಲ್ಲಿ ಚಿಪ್‌ಗಳನ್ನು ಅಳೆದು ಬರೆಯುವ ವೆಬ್‌ಸೈಟ್ ಆನಂದ್‌ಟೆಕ್ ದೊಡ್ಡ ಹೆಸರು. ಆನಂದ್ ಲಾಲ್ ಶಿಂಪಿ 1997ರಲ್ಲಿ ಶುರು ಮಾಡಿದ್ದು. ಐಫೋನ್‌ನ ಚಿಪ್‌ಗಳು ಇಂಟೆಲ್‌ನ ಚಿಪ್‌ಗಳಿಗೆ ಹತ್ತಿರ ಬರುತ್ತಿವೆ ಎಂಬುದನ್ನು ಅವರ ಅಳತೆಗಳಿಂದಲೇ ನಾನು ಅರ್ಥ ಮಾಡಿಕೊಂಡೆ. ಹಾಗಾಗಿ ಆ್ಯಪಲ್ ತನ್ನ ಮ್ಯಾಕ್‌ಗಳಿಂದ ಇಂಟೆಲ್ ಬಿಡುತ್ತದೆ ಎಂದು 2018ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಬರೆದಾಗ ನನಗೆ ಅದು ಗಾಳಿಮಾತು ಅನ್ನಿಸಲಿಲ್ಲ. 2020ರ ಜೂನ್ 22ಕ್ಕೆ ಆ್ಯಪಲ್ ಅದನ್ನೇ ಪ್ರಕಟಿಸಿತು. ಆನಂದ್‌ಟೆಕ್ 2024ರ ಆಗಸ್ಟ್ 30ಕ್ಕೆ ಬಾಗಿಲು ಹಾಕಿತು. ಈಗ ಒಂದು ಲೀಕ್ ಬಂದರೆ ಅದನ್ನೇ ಹತ್ತು ಜನ ಹತ್ತು ವಿಡಿಯೊ ಮಾಡುತ್ತಾರೆ, ಹತ್ತೂ ಒಂದೇ ಕಡೆಯಿಂದ ಬಂದದ್ದು. ನಮ್ಮ ಹುಡುಗ ಮಾತ್ರ "ಹತ್ತು ಜನ ಹೇಳ್ತಿದ್ದಾರೆ" ಅಂತ ಲೆಕ್ಕ ಕೊಡುತ್ತಾನೆ.

ನನಗೆ ಬಹಳ ಇಷ್ಟವಾದ ಗಾಳಿಸುದ್ದಿಯ ಮೂಲ ಒಂದಿತ್ತು. ಅದು ಇರುವುದು ನಮ್ಮ ದೇಶದಲ್ಲೇ ಅಂತ ಬಹಳ ಜನರಿಗೆ ಗೊತ್ತಿಲ್ಲ. ಜೌಬಾ ಎಂಬ ವೆಬ್‌ಸೈಟ್. ಭಾರತಕ್ಕೆ ಬರುವ ಸರಕಿನ ಆಮದು ದಾಖಲೆಗಳನ್ನು ಸೇರಿಸಿ ತೋರಿಸುತ್ತಿತ್ತು. 2014, 2015ರ ಸುಮಾರಿಗೆ ಜಗತ್ತಿನ ಗ್ರಾಫಿಕ್ಸ್ ಕಾರ್ಡ್ ಹುಚ್ಚರೆಲ್ಲ ಅದನ್ನು ಪಂಚಾಂಗ ನೋಡಿದ ಹಾಗೆ ನೋಡುತ್ತಿದ್ದರು. ಕಾರಣ ಸರಳ. ಎಎಂಡಿ, ಎನ್ವಿಡಿಯಾದವರಿಗೆ ಬೆಂಗಳೂರು, ಹೈದರಾಬಾದಿನಲ್ಲಿ ದೊಡ್ಡ ಇಂಜಿನಿಯರಿಂಗ್ ಕಚೇರಿಗಳಿವೆ. ಇನ್ನೂ ಹುಟ್ಟದ ಕಾರ್ಡಿನ ಬೋರ್ಡು ಪರೀಕ್ಷೆಗೆ ಅಲ್ಲಿಗೆ ವಿಮಾನದಲ್ಲಿ ಬರಬೇಕು. ಕಸ್ಟಮ್ಸ್‌ನಲ್ಲಿ ಏನು, ಎಷ್ಟು, ಬೆಲೆ ಎಷ್ಟು ಅಂತ ಬರೆಯಲೇಬೇಕು. ಕಂಪನಿ ಅಮೆರಿಕದಲ್ಲಿ ಎಷ್ಟೇ ಬಾಯಿ ಮುಚ್ಚಿಕೊಂಡಿರಲಿ, ಇಲ್ಲಿ ಒಂದು ಸಾಲಿನಲ್ಲಿ ಬೋರ್ಡಿನ ಸಂಕೇತ, ಪಕ್ಕದಲ್ಲಿ ರೂಪಾಯಿ ಲೆಕ್ಕ! ಜರ್ಮನಿಯಲ್ಲೋ ಕೊರಿಯಾದಲ್ಲೋ ಕೂತ ಯಾರೋ ಒಬ್ಬರು ಬೆಂಗಳೂರಿನ ಸರಕಿನ ಪಟ್ಟಿ ಓದಿ, ರೂಪಾಯಿಯನ್ನು ಡಾಲರ್‌ಗೆ ತಿರುಗಿಸಿ, ಇದು ದುಬಾರಿ ಬೋರ್ಡು, ಹಾಗಾದರೆ ಇದು ದೊಡ್ಡ ಚಿಪ್ಪೇ ಅಂತ ವಾದ ಮಾಡುತ್ತಿದ್ದರು. ಇಂಥ ಸುದ್ದಿಯನ್ನು ನಾನು ನಂಬುತ್ತೇನೆ. ಆ ಪಟ್ಟಿ ಬರೆದ ಗುಮಾಸ್ತನಿಗೆ ಗ್ರಾಫಿಕ್ಸ್ ಕಾರ್ಡಿನ ಹುಚ್ಚೂ ಇಲ್ಲ, ಷೇರೂ ಇಲ್ಲ.

ಇದಕ್ಕಿಂತಲೂ ಒಳ್ಳೆಯದು ಒಂದಿದೆ. ಅದು 2017ರ ಡಿಸೆಂಬರ್ ಕೊನೆಯದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಕೆಲಸ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಯಾರು ಏನು ಬದಲಾಯಿಸಿದರು ಅಂತ ಯಾರು ಬೇಕಾದರೂ ಓದಬಹುದು. ಆ ವರ್ಷದ ಮಧ್ಯದಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ಕೈಸರ್ ಎಂಬ ಒಂದು ತಂತ್ರ ಪ್ರಕಟಿಸಿದ್ದರು. ಕರ್ನಲ್‌ನ ಮೆಮೊರಿಯನ್ನು ಸಾಮಾನ್ಯ ಪ್ರೋಗ್ರಾಂಗಳ ಪೇಜ್ ಟೇಬಲ್, ಅಂದರೆ ಮೆಮೊರಿ ವಿಳಾಸಗಳ ಪಟ್ಟಿಯಿಂದಲೇ ಮರೆ ಮಾಡುವುದು. ಹಾಗೆ ಮಾಡಿದರೆ ಕಂಪ್ಯೂಟರ್ ನಿಧಾನ ಆಗುತ್ತದೆ. ಒಂದು ಪ್ರತಿಶತ ವೇಗ ಹೋದರೂ ಕೂಗಾಡುವ ಕರ್ನಲ್‌ನ ಹಿರಿಯರು ಇಂಥದ್ದನ್ನು ವರ್ಷಗಟ್ಟಲೆ ಸತಾಯಿಸುತ್ತಾರೆ. ಆದರೆ ಈ ಸಲ ಹಾಗಾಗಲಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಅದೇ ತಂತ್ರ ಹೊಸ ಹೆಸರಿನಲ್ಲಿ ಸರಸರನೆ ಒಳಗೆ ಬಂತು. ಬಿಡುಗಡೆಗೆ ಹತ್ತಿರದಲ್ಲಿ, ಹೊಸ ವಿಷಯ ಸೇರಿಸಲೇಬಾರದ ಹೊತ್ತಿನಲ್ಲಿ ಬಂತು. ಹಳೇ ಆವೃತ್ತಿಗಳಿಗೂ ಅದನ್ನು ಹಾಕುವ ತಯಾರಿ ನಡೆಯಿತು. ಕೋಡಿನ ನಡುವಿನ ವಿವರಣೆಗಳು ಕೆಲವು ಕಡೆ ಕಾಣೆ. ಇದಕ್ಕೆ ಏನು ಹೆಸರಿಡುವುದು ಎಂದು ತಮಾಷೆಗೆ ಒಂದು ಬೈಗುಳವನ್ನೂ ಪಟ್ಟಿಗೆ ಸೇರಿಸಿದ್ದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಯಾರಿಗೋ ತುಂಬಾ ಸಿಟ್ಟು ಬಂದಿದೆ ಅನ್ನುವುದಂತೂ ಗೊತ್ತಾಗುತ್ತಿತ್ತು.

ಕ್ರಿಸ್ಮಸ್ ಮಾರನೇ ದಿನ ಎಎಂಡಿಯ ಒಬ್ಬ ಇಂಜಿನಿಯರ್ ಒಂದು ಪುಟ್ಟ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ ಕಳಿಸಿದರು. ನಮ್ಮ ಪ್ರಾಸೆಸರ್‌ಗಳಿಗೆ ಇದು ಬೇಡ ಎನ್ನುವುದು ಅದರ ಸಾರ. ಏಕೆ ಬೇಡ? ಊಹೆಯ ಮೇಲೆ ಮುಂಚೆಯೇ ಮಾಡುವ ಕೆಲಸದಲ್ಲೂ, ಕಡಿಮೆ ಹಕ್ಕಿನ ಪ್ರೋಗ್ರಾಂಗೆ ಹೆಚ್ಚಿನ ಹಕ್ಕಿನ ಡೇಟಾ ಓದಲು ಎಎಂಡಿ ಬಿಡುವುದಿಲ್ಲ ಅಂತ ಕಾರಣ ಕೊಟ್ಟರು. ಅಷ್ಟೇ. ಆ ಒಂದೆರಡು ಸಾಲಿನಲ್ಲಿ ಗುಟ್ಟು ರಟ್ಟಾಯಿತು. ಹಾಗಾದರೆ ಇಂಟೆಲ್ ಬಿಡುತ್ತದೆ ಅಂತ ಅರ್ಥ ತಾನೇ? ಓದಿದವರು ಜೋಡಿಸಿದರು. ಹೊಸ ವರ್ಷದ ಹೊತ್ತಿಗೆ ಊಹೆ ಎಲ್ಲ ಕಡೆ ಹರಡಿತು. ಜನವರಿ 2ರಂದು ಬ್ರಿಟನ್ನಿನ ದಿ ರಿಜಿಸ್ಟರ್ ಬರೆದೇಬಿಟ್ಟಿತು. ಕಂಪನಿಗಳು ಸೇರಿ ಜನವರಿ 9ಕ್ಕೆ ಹೇಳೋಣ ಎಂದು ಗುಟ್ಟಾಗಿ ಒಪ್ಪಿಕೊಂಡಿದ್ದವು. ಅವರು ಜನವರಿ 3ಕ್ಕೇ ಬಾಯಿ ಬಿಡಬೇಕಾಯಿತು. ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರಾಸೆಸರ್ ದೋಷಗಳ ಹೆಸರು ಲೋಕಕ್ಕೆ ಗೊತ್ತಾಗಿದ್ದು ಆವತ್ತು.

ಇಲ್ಲಿ "ಮೂಲ" ಅಂತ ಯಾರೂ ಇರಲಿಲ್ಲ. ಕದ್ದು ಕೊಟ್ಟವರಿಲ್ಲ, ಹೆಸರು ಹೇಳಲಿಚ್ಛಿಸದ ಅಧಿಕಾರಿ ಇಲ್ಲ. ಎಲ್ಲ ಸಾರ್ವಜನಿಕವಾಗಿಯೇ ಇತ್ತು, ಓದುವ ತಾಳ್ಮೆ ಬೇಕಿತ್ತು. ಕಂಪ್ಯೂಟರ್ ಹುಚ್ಚರ ವಾದ ಲೋಕಕ್ಕೆ ಏನಾದರೂ ಉಪಯೋಗಕ್ಕೆ ಬಂದಿದೆ ಅಂದರೆ ನಾನು ಮೊದಲು ಹೇಳುವುದು ಈ ಡಿಸೆಂಬರನ್ನು.

ಸ್ಯಾಂಪಲ್ಲೇ ಇಲ್ಲದ ಸುದ್ದಿಗೆ ಉದಾಹರಣೆ ಬೇಕೆಂದರೆ ಅದೇ 2018ರಲ್ಲೇ ಇದೆ. ಅಕ್ಟೋಬರ್ 4ರಂದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಒಂದು ದೊಡ್ಡ ವರದಿ ಹಾಕಿತು. ಸೂಪರ್‌ಮೈಕ್ರೊ ಕಂಪನಿಯ ಸರ್ವರ್ ಬೋರ್ಡುಗಳಲ್ಲಿ ಚೀನಾದವರು ಅಕ್ಕಿಕಾಳಿಗಿಂತ ಹೆಚ್ಚೇನೂ ದೊಡ್ಡದಲ್ಲದ ಒಂದು ಬೇಹುಗಾರ ಚಿಪ್ ಸೇರಿಸಿದ್ದಾರೆ, ಆ್ಯಪಲ್, ಅಮೆಜಾನ್ ಸೇರಿ ಸುಮಾರು 30 ಕಂಪನಿಗಳಿಗೆ ಹೋಗಿದೆ ಅಂತ. ಹದಿನೇಳು ಮೂಲಗಳು ಅಂದರು. ಆ್ಯಪಲ್, ಅಮೆಜಾನ್ ಎರಡೂ ಖಡಾಖಂಡಿತ ಅಲ್ಲಗಳೆದವು. ಒಂದೇ ದಿನಕ್ಕೆ ಸೂಪರ್‌ಮೈಕ್ರೊ ಷೇರು 40 ಪ್ರತಿಶತಕ್ಕಿಂತ ಹೆಚ್ಚು ಬಿತ್ತು. ಅಂಗಡಿಯಲ್ಲಿ ನಡೆದ ಜಗಳ ನನಗೆ ಚೆನ್ನಾಗಿ ನೆನಪಿದೆ. ಆಗ ಈ ಹುಡುಗ ಇರಲಿಲ್ಲ, ಮಡಿಕೇರಿಯ ಇನ್ನೊಬ್ಬರು ಬರುತ್ತಿದ್ದರು. ಅವರು "ಇಷ್ಟು ದೊಡ್ಡ ಪತ್ರಿಕೆ ಸುಳ್ಳು ಬರೆಯುತ್ತಾ ಅಂಕಲ್?" ಅಂದರು. ಅಂಕಲ್ ಒಂದೇ ಪ್ರಶ್ನೆ ಹಿಡಿದು ಕೂತರು. "ಬೋರ್ಡು ಎಲ್ಲಿ? ಅಷ್ಟು ಕಂಪನಿಗೆ ಹೋಗಿದೆ ಅಂತೀಯಲ್ಲ, ಒಂದು ಬೋರ್ಡು ತೋರಿಸಪ್ಪ. ನಾನು ಸಿಗ್ನಲ್ಸ್‌ನಲ್ಲಿದ್ದವನು, ಚೀನಾದವರು ಮಾಡಲ್ಲ ಅಂತ ನಾನು ಹೇಳೋದೇ ಇಲ್ಲ. ಬೋರ್ಡು ತೋರಿಸು."

ಪತ್ರಿಕೆ ವರದಿಯನ್ನು ಹಿಂತೆಗೆದುಕೊಂಡಿಲ್ಲ. 2021ರಲ್ಲಿ ಇನ್ನೊಂದು ವರದಿಯನ್ನೂ ಬರೆಯಿತು. ಆದರೆ ಬೋರ್ಡನ್ನು ಜನರ ಮುಂದೆ ಯಾರೂ ಇಟ್ಟಿಲ್ಲ. ತಂತ್ರದ ದೃಷ್ಟಿಯಿಂದ ಅಂಥದ್ದು ಸಾಧ್ಯ ಎಂದು ತಿಳಿದವರೇ ಹೇಳುತ್ತಾರೆ. ಸಾಧ್ಯ ಇರುವುದೆಲ್ಲ ನಡೆದಿರಬೇಕು ಅಂತ ಏನಿಲ್ಲವಲ್ಲ. ನನ್ನ ಒಲವು ಇವತ್ತಿಗೂ ಅಂಕಲ್ ಕಡೆ.

ಇನ್ನು ಮನಸ್ಸಿನ ಸುದ್ದಿಗಳು. ಇವುಗಳ ಮೇಲೆ ಜಾಸ್ತಿ ಹೊತ್ತು ಕಳೆಯಲು ನನಗೆ ಆಸಕ್ತಿ ಇಲ್ಲ. ಎನ್ವಿಡಿಯಾ 2020ರ ಸೆಪ್ಟೆಂಬರ್‌ನಲ್ಲಿ 4,000 ಕೋಟಿ ಡಾಲರ್‌ಗೆ ಮೊಬೈಲ್ ಚಿಪ್‌ಗಳ ವಿನ್ಯಾಸ ಮಾಡುವ ಆರ್ಮ್ ಕಂಪನಿ ಕೊಳ್ಳುವುದಾಗಿ ಘೋಷಿಸಿತು. ಗಾಳಿಸುದ್ದಿ ಕೂಡ ಅಲ್ಲ, ಘೋಷಣೆ! 2022ರ ಫೆಬ್ರವರಿಗೆ ಅದು ಮುರಿದುಬಿತ್ತು. ನಡುವಿನ ಒಂದೂವರೆ ವರ್ಷ ನಾವು ಆರ್ಮ್‌ನ ಭವಿಷ್ಯ, ಆ್ಯಪಲ್‌ನ ಗತಿ, ಮೊಬೈಲ್‌ನ ರೇಟು ಅಂತ ಮಾಡಿದ ವಾದವೆಲ್ಲ ನೀರಿನಲ್ಲಿ ಹೋಮ. ಕ್ವಾಲ್‌ಕಾಮ್ ಇಂಟೆಲನ್ನೇ ಕೊಳ್ಳುತ್ತಂತೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಬಂತು. ಅದೂ ಆಗಲಿಲ್ಲ.

ವಿಂಡೋಸ್‌ನದು ಮಾತ್ರ ಸ್ವಲ್ಪ ಹೇಳಲೇಬೇಕು, ಏಕೆಂದರೆ ಅದು ನಮ್ಮೂರಿಗೆ ತಟ್ಟಿತು. 2015ರಲ್ಲಿ ಮೈಕ್ರೋಸಾಫ್ಟ್‌ನ ಒಬ್ಬ ಉದ್ಯೋಗಿ ಸಮ್ಮೇಳನದಲ್ಲಿ ವಿಂಡೋಸ್ 10 ಕೊನೆಯ ವಿಂಡೋಸ್ ಅಂದರು. ಕಂಪನಿ ಅಲ್ಲಗಳೆಯಲಿಲ್ಲ. ಜನ ಅದನ್ನು ಶಾಸನ ಎಂದುಕೊಂಡರು. 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂತು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮೇಲಿನದು ಬೇಕು ಎಂದರು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದಿಷ್ಟು ಸುದ್ದಿ ಕುಶಾಲನಗರ ದಾಟಿ, ತಿತಿಮತಿ ದಾಟಿ, ಒಳಗಿನ ಊರುಗಳಿಗೆ ಹೋಗುವ ಹೊತ್ತಿಗೆ "ಆ ತಾರೀಕಿಗೆ ಹಳೇ ಕಂಪ್ಯೂಟರ್ ಎಲ್ಲ ಬಂದ್ ಆಗ್ತದಂತೆ" ಅಂತ ಆಗಿತ್ತು. ಅಮ್ಮತ್ತಿ ಕಡೆಯ ಒಬ್ಬ ಹಿರಿಯರು ಡೆಸ್ಕ್‌ಟಾಪ್‌ನ ಸಿಪಿಯು ಡಬ್ಬವನ್ನು ಜೀಪಿನ ಸೀಟಿನ ಮೇಲೆ ಬೆಡ್‌ಶೀಟ್ ಸುತ್ತಿ ತಂದಿದ್ದರು. ಮೈಸೂರಿನಲ್ಲಿ ಯಾರೋ ಹೊಸದೇ ಕೊಳ್ಳಬೇಕು ಎಂದಿದ್ದರಂತೆ.

"ಇನ್ನು ಆನ್ ಆಗೋದೇ ಇಲ್ವಂತೆ, ಹೌದಾ?" ಅಂದರು.

"ಇಲ್ಲ ಮಾವ, ಆನ್ ಆಗ್ತದೆ. ಅಪ್‌ಡೇಟ್ ಬರೋದಿಲ್ಲ ಅಷ್ಟೇ. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರೋ ಹಾಗೆ ಮಾಡಿಕೊಡ್ತೇನೆ. ಆಮೇಲೆ ಬೇಕಾದ್ರೆ ಲಿನಕ್ಸ್ ಹಾಕುವ."

"ತೋಟದ ಲೆಕ್ಕ ಎಲ್ಲ ಅದರಲ್ಲೇ ಉಂಟು ಮಾರಾಯ."

"ಲೆಕ್ಕ ಎಲ್ಲೂ ಹೋಗೋದಿಲ್ಲ."

2026ರ ಅಕ್ಟೋಬರ್ 13ರವರೆಗಿನ ಆ ವಿಸ್ತರಣೆಯನ್ನು ಅಣ್ಣ ಹತ್ತು ನಿಮಿಷದಲ್ಲಿ ಮಾಡಿಕೊಟ್ಟ, ದುಡ್ಡು ಬೇಡ ಎಂದ. ಅವರು ಮಾರನೇ ವಾರ ಬಾಳೆಗೊನೆ ಕಳಿಸಿದರು. ನಾವು ಅಂಗಡಿಯಲ್ಲಿ ಕೂತು ಲೋಕದ ಸುದ್ದಿ ಸೋಸುವುದು ಸುಮ್ನೆ ಹೊತ್ತು ಹೋಗಲಿಕ್ಕೆ ಅಂತ ನಮ್ಮ ಮನೆಯಲ್ಲಿ ಬಯ್ಯುತ್ತಾರೆ. ಆವತ್ತಾದರೂ ಒಬ್ಬರಿಗೆ ಹೊಸ ಕಂಪ್ಯೂಟರ್‌ನ ಖರ್ಚು ಉಳಿಯಿತು ಅಲ್ವಾ?

ನನ್ನ ಈ ವಸ್ತು, ಮನಸ್ಸು ಎಂಬ ವಿಂಗಡಣೆಗೆ ಹುಡುಗ ಸದಾ ಎಸೆಯುವ ಕಲ್ಲು ಒಂದಿದೆ. ಏರ್‌ಪವರ್. ಆ್ಯಪಲ್ 2017ರ ಸೆಪ್ಟೆಂಬರ್‌ನಲ್ಲಿ ತೋರಿಸಿದ ಚಾರ್ಜಿಂಗ್ ಚಾಪೆ. 2019ರ ಮಾರ್ಚ್‌ನಲ್ಲಿ ಬಂದ ಹೊಸ ಏರ್‌ಪಾಡ್ಸ್‌ನ ಪೆಟ್ಟಿಗೆಯಲ್ಲಿ ಅದರ ಚಿತ್ರವನ್ನೂ ಮುದ್ರಿಸಿದ್ದರು. ಅಂದರೆ ಮುದ್ರಣ ಆಗಿದೆ, ಪೆಟ್ಟಿಗೆ ಕೈಗೆ ಬಂದಿದೆ, ಇದಕ್ಕಿಂತ ದೊಡ್ಡ ಗುರುತು ಯಾವುದು? ಅದೇ ಮಾರ್ಚ್ 29ಕ್ಕೆ ಆ್ಯಪಲ್ ಆ ಚಾಪೆಯನ್ನೇ ರದ್ದು ಮಾಡಿತು. "ಈಗ ಹೇಳಿ ಅಣ್ಣಾ, ವಸ್ತು ಸುಳ್ಳು ಹೇಳಲ್ವಾ?" ಅಂತ ಕೇಳುತ್ತಾನೆ. ನಾನು ಪೆಟ್ಟಿಗೆಯ ಮೇಲಿನ ಚಿತ್ರ ಚಾಪೆಯ ಸ್ಯಾಂಪಲ್ ಅಲ್ಲ, ಮಾರ್ಕೆಟಿಂಗ್‌ನವರ ಮನಸ್ಸಿನ ಸ್ಯಾಂಪಲ್ ಎನ್ನುತ್ತೇನೆ. ಅವನು ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಈ ಉತ್ತರ ಸ್ವಲ್ಪ ಜಾಣತನದ್ದು ಅನ್ನಿಸುತ್ತದೆ, ಆದರೆ ಸದ್ಯಕ್ಕೆ ಬೇರೆ ಉತ್ತರ ಇಲ್ಲ.

ಈಗ ನಡೆಯುತ್ತಿರುವ ದೊಡ್ಡ ಜಗಳ ಇಂಟೆಲ್‌ನ 14ಎ ಕುರಿತು. 2025ರ ಜುಲೈನಲ್ಲಿ ಇಂಟೆಲ್ ತಾನೇ ದಾಖಲೆಯಲ್ಲಿ ಬರೆದುಕೊಂಡಿದೆ: 14ಎ ಎಂಬ ಮುಂದಿನ ಚಿಪ್ ತಯಾರಿಕೆಯ ತಂತ್ರಕ್ಕೆ ದೊಡ್ಡ ಹೊರಗಿನ ಗಿರಾಕಿ ಸಿಗದಿದ್ದರೆ ಅದನ್ನು ನಿಲ್ಲಿಸಬೇಕಾಗಬಹುದು. ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಇಂಟೆಲ್‌ನಲ್ಲಿ ಸುಮಾರು 10 ಪ್ರತಿಶತ ಪಾಲು ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾ 500 ಕೋಟಿ ಡಾಲರ್ ಹಾಕುವುದಾಗಿ ಹೇಳಿತು. ಅಲ್ಲಿಂದ ಮುಂದೆ ದಿನಕ್ಕೊಂದು ಗಿರಾಕಿಯ ಹೆಸರು. ಇವತ್ತು ಆ್ಯಪಲ್ ಅಂತೆ, ನಾಳೆ ಎಎಂಡಿ ಅಂತೆ. ಹುಡುಗ ಎಲ್ಲವನ್ನೂ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾನೆ. ಯಾರ ಹೆಸರು ನಿಜ ಆಗುತ್ತದೆ ಎಂದು ಅಣ್ಣನ ಜೊತೆ ಒಂದು ಪ್ಲೇಟ್ ಪಂದಿಕರಿಯ ಪಂಥ ಬೇರೆ.

ನಾನು ಆ ಪಂಥಕ್ಕೆ ಸೇರಿಲ್ಲ. ಗಿರಾಕಿಯ ಹೆಸರು ಮನಸ್ಸಿನ ಮಾತು, ಷೇರು ಏರಿಸಲು ಯಾರು ಬೇಕಾದರೂ ಹೇಳಬಹುದು. ನಾನು ನೋಡುತ್ತಿರುವುದು ಚಿಪ್ ಮೇಲೆ ಗೆರೆ ಮೂಡಿಸುವ ಎಎಸ್ಎಂಎಲ್ ಕಂಪನಿಯ ಯಂತ್ರಗಳನ್ನು. 14ಎಗೆ ಬಳಸುವ ಹೈ ಎನ್ಎ ಯಂತ್ರ ಒಂದೊಂದೂ ಸುಮಾರು 150 ಟನ್. ನೆದರ್ಲೆಂಡ್ಸ್‌ನಿಂದ ಕಂತುಕಂತಾಗಿ ಪೆಟ್ಟಿಗೆಗಳಲ್ಲಿ ಹೋಗಬೇಕು, ಜೋಡಿಸಲು ತಿಂಗಳುಗಟ್ಟಲೆ ಬೇಕು. ಇಂಟೆಲ್ ಮೊದಲನೆಯದನ್ನು ಆರೆಗಾನ್‌ನಲ್ಲಿ 2024ರಲ್ಲಿ ಜೋಡಿಸಿ ಮುಗಿಸಿತು. ದೊಡ್ಡ ಗಿರಾಕಿ ನಿಜವಾಗಿ ಬಂದರೆ ಒಂದೆರಡು ಯಂತ್ರ ಸಾಲುವುದಿಲ್ಲ, ಇನ್ನಷ್ಟು ತರಿಸಲೇಬೇಕು. ಅಷ್ಟು ಭಾರದ್ದನ್ನು ಗುಟ್ಟಾಗಿ ಸಾಗಿಸುವುದು ಯಾರಿಂದಲೂ ಆಗದು, ಎಎಸ್ಎಂಎಲ್ ಮೂರು ತಿಂಗಳಿಗೊಮ್ಮೆ ಲೆಕ್ಕ ಬೇರೆ ಕೊಡುತ್ತದೆ.

ಇದನ್ನು ಹೇಳಿದರೆ ಹುಡುಗನಿಗೆ ಬೇಜಾರು. "ಅಷ್ಟೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತಲ್ಲ ಅಣ್ಣಾ, ಮತ್ತೆ ನಾವು ಮಾತಾಡೋದು ಎಂತಕ್ಕೆ?" ಎಂದ. ಅಂಕಲ್ ಅವನ ನೋಟ್‌ಬುಕ್ ಇಸಕೊಂಡು ಕೊನೆಯ ಹಾಳೆ ನೋಡಿದರು. ಹೆಸರುಗಳ ಪಕ್ಕ ಒಂದು ಗೆರೆ ಎಳೆದು, ಯಾವ ಸುದ್ದಿ ಎಲ್ಲಿಂದ ಬಂತು ಅಂತ ಅಲ್ಲಿ ಬರೆಯುತ್ತಾ ಹೋಗು, ಆರು ತಿಂಗಳು ಬಿಟ್ಟು ನೋಡುವ ಅಂದರು. ಹುಡುಗ ಬರೆಯಲು ಶುರು ಮಾಡಿದ್ದಾನೆ. ಮೊದಲ ಐದು ಹೆಸರಲ್ಲಿ ನಾಲ್ಕು ಒಂದೇ ಮನುಷ್ಯನ ಪೋಸ್ಟ್‌ನಿಂದ ಬಂದದ್ದು.